ಮೂರು ಬ್ರಾಕೆಟ್ಟಿನ ಜಗಳ

ಸರ್ಟಿಫಿಕೇಟ್ ಇಲ್ಲದವನು ಏನಾದರೂ ಕಲಿತರೆ ನಮ್ಮ ಊರಿಗೆ ಅದು ಕಳ್ಳತನದ ಹಾಗೆ ಕಾಣುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ಉಡುಪಿಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಉಳಿದ ಸಮಯದಲ್ಲಿ ಕೆಲಸಗಾರರ ಸಂಘ ಕಟ್ಟಿ ಧಣಿಗಳ ನಿದ್ದೆ ಕೆಡಿಸುತ್ತಿದ್ದೆ. ಎಂಬತ್ತರ ದಶಕದ ನಡುವೆ ಕಂಪ್ಯೂಟರಿನ ವಿದ್ಯೆ ನನ್ನ ತಲೆಗೆ ಹತ್ತಿದ್ದೂ ಮೊಳೆ ಜೋಡಿಸುತ್ತಲೇ. ಆಮೇಲೆ ಆದದ್ದನ್ನು ಕೇಳಿದವರೆಲ್ಲ ನಗುತ್ತಾರೆ. ನಗಲಿ. ನನಗಿನ್ನೂ ಪೂರ್ತಿ ನಗು ಬಂದಿಲ್ಲ.

೧. ಇರುವೆ ಸಾಲು

ಮಣಿಪಾಲದ ಗುಡ್ಡದ ಮೇಲೆ ಒಂದು ಖಾಸಗಿ ಕಂಪ್ಯೂಟರ್ ತರಗತಿ ಹೊಸದಾಗಿ ಶುರುವಾಗಿತ್ತು. ಅಲ್ಲಿನ ಮೇಷ್ಟ್ರು ಲಿಸ್ಪ್ ಎಂಬ ಭಾಷೆಯ ಪಾಠ ಬರೆದು ಅಚ್ಚಿಗೆ ಕೊಟ್ಟರು. ಅದರಲ್ಲಿ ಎಲ್ಲವೂ ಫಂಕ್ಷನ್. ಫಂಕ್ಷನ್ ಎಂದರೆ ಅರೆಯುವ ಕಲ್ಲಿನ ಹಾಗೆ: ಪ್ರತಿ ಸಲ ಒಳಗೆ ಹಾಕಿದ್ದು ಒಂದೇ ಆದರೆ, ಹೊರಗೆ ಬರುವುದೂ ಪ್ರತಿ ಸಲ ಒಂದೇ. ಕಲ್ಲು ಯಾರ ಮುಖವನ್ನೂ ನೋಡುವುದಿಲ್ಲ. ನನಗೆ ಅದು ಸಂಘದ ಭಾಷಣಕ್ಕಿಂತ ಹಿತವಾಯಿತು. ಒಂದೊಂದೇ ಅಕ್ಷರ ಜೋಡಿಸುವವನಿಗೆ ಪುಟವನ್ನು ಹಾರಿಸಿ ಓದಲು ಆಗುವುದಿಲ್ಲವಲ್ಲ, ಕಲಿತುಬಿಟ್ಟೆ. ಒಮ್ಮೆ ಆ ತರಗತಿಯ ಕಂಪ್ಯೂಟರ್ ಯಂತ್ರದ ಮುಂದೆ ಕೂತು ನನ್ನದೇ ಲೆಕ್ಕ ಮಾಡಿಸಬೇಕು ಎಂಬ ಹುಚ್ಚೂ ಹಿಡಿಯಿತು.

ಕಷ್ಟ ಒಂದೇ. ಲಿಸ್ಪಿನಲ್ಲಿ ತೆರೆದ ಬ್ರಾಕೆಟ್ಟನ್ನೆಲ್ಲ ಮುಚ್ಚಬೇಕು. ಕೊನೆಯ ಪುಟಕ್ಕೆ ಬರುವಾಗ ನಮ್ಮ ಪೆಟ್ಟಿಗೆಯ ಬ್ರಾಕೆಟ್ ಮೊಳೆಗಳೆಲ್ಲ ಖಾಲಿ. ಕೊನೆಯ ಸಾಲಿಗೆ ಮೂರು ಕಡಿಮೆ ಬಿತ್ತು.

“ಬಿಟ್ಟುಬಿಡು ಮಾರಾಯ,” ಎಂದರು ಧಣಿ. “ಕೊನೆಗೆ ಇರುವೆ ಸಾಲಿನ ಹಾಗೆ ಉಂಟು. ಯಾರು ಲೆಕ್ಕ ಮಾಡುತ್ತಾರೆ?”

“ಯಂತ್ರ ಮಾಡುತ್ತದೆ.”

“ಓಹೋ! ಇಷ್ಟು ದಿನ ಬೋನಸ್ಸಿಗೆ ಮುಷ್ಕರ. ಇನ್ನು ಬ್ರಾಕೆಟ್ಟಿಗೂ ಉಂಟಾ?”

೨. ಸಾಲಿನ ತುದಿ

ಪುಸ್ತಕದಲ್ಲಿ ರಿಕರ್ಶನ್ ಎಂಬುದಿತ್ತು. ಫಂಕ್ಷನ್ ತನ್ನನ್ನೇ ಮತ್ತೆ ಕರೆಯುತ್ತದೆ, ಪ್ರತಿ ಸಲ ಲೆಕ್ಕ ಸ್ವಲ್ಪ ಸಣ್ಣದಾಗುತ್ತದೆ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನನ್ನ ಮನೆ ಕಾಪುವಿನಲ್ಲಿ. ಅಲ್ಲಿ ಸೀಮೆಎಣ್ಣೆಯ ಸಾಲಿನಲ್ಲಿ ನಿಂತಾಗ ಇದನ್ನು ಪರೀಕ್ಷೆ ಮಾಡೋಣ ಎನಿಸಿತು. ಹಿಂದಿದ್ದ ಬ್ಯಾರಿ ಕಾಕನಿಗೆ ಹೇಳಿದೆ: “ನನ್ನ ಮುಂದೆ ಎಷ್ಟು ಜನ ಎಂದು ನಾನು ಎಣಿಸುವುದಿಲ್ಲ. ಮುಂದಿನವನನ್ನು ಕೇಳುತ್ತೇನೆ, ಅವನು ಅವನ ಮುಂದಿನವನನ್ನು ಕೇಳಲಿ. ಮೊದಲಿನವನು ‘ಯಾರೂ ಇಲ್ಲ’ ಎನ್ನುತ್ತಾನೆ. ಹಿಂದೆ ಬರುವಾಗ ಒಬ್ಬೊಬ್ಬರೂ ಒಂದು ಕೂಡಿಸಲಿ.”

ಪ್ರಶ್ನೆ ಸರಸರ ಮುಂದೆ ಹೋಯಿತು. ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಅಂಗಡಿಯ ಬಾಗಿಲಲ್ಲಿ ಮೂರು ಕ್ಯಾನ್ ಹಿಡಿದ ಒಬ್ಬ.

“ನನ್ನನ್ನು ಎಂತ ಕೇಳುವುದು? ನಾನು ಸಾಲಿನಲ್ಲೇ ಇಲ್ಲ. ನಾನು ಪಂಚಾಯತ್ ಮೆಂಬರರ ಭಾವ.”

ವಾಪಸು ಬಂದೆ. ಕಾಕ ಖಾಲಿ ಡಬ್ಬಿಯ ಮೇಲೆ ಕೂತಿದ್ದರು. “ನಿನ್ನ ವಿದ್ಯೆ ಸರಿಯೇ ಉಂಟು ಮಾರಾಯ,” ಎಂದರು. “ಅದಕ್ಕೆ ಬೇರೆ ದೇಶ ಬೇಕು.”

೩. ಅರ್ಜಿಯಲ್ಲಿ ಇಲ್ಲದ ಅಂಗಿ

ಯಂತ್ರದ ಮುಂದೆ ಹತ್ತು ನಿಮಿಷ ಕೂರಲು ಬಿಡಿ ಎಂದು ಅರ್ಜಿ ಬರೆದು ಮಣಿಪಾಲಕ್ಕೆ ಹೋದೆ. ಬಾಗಿಲಲ್ಲಿದ್ದ ಗುಮಾಸ್ತರು ಓದದೆಯೇ, “ಸಾರ್ ಇಲ್ಲ” ಎಂದರು. ಮುಂದಿನ ವಾರ ಅದೇ ಅರ್ಜಿ ಹಿಡಿದು ಹೋದೆ. “ಏನು ಓದಿದ್ದೀರಿ?” ಎಂದರು. ಹೇಳಿದೆ. ಅರ್ಜಿಯನ್ನು ಎರಡು ಬೆರಳಿನಲ್ಲಿ ಹಿಡಿದು ವಾಪಸು ಕೊಟ್ಟರು.

ಮೂರನೆಯ ಸಲ ಪಕ್ಕದ ಮನೆಯ ಗಲ್ಫಿನವನ ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕಿಕೊಂಡೆ. ಕೈಯಲ್ಲಿ ಅದೇ ಅರ್ಜಿ. ಗುಮಾಸ್ತರು ಎದ್ದೇ ನಿಂತರು.

“ಬನ್ನಿ, ಬನ್ನಿ. ಬೆಳಿಗ್ಗೆಯಿಂದ ಕಾಯುತ್ತಾ ಇದ್ದೇವೆ. ಎಸಿ ರಿಪೇರಿಯವರು ನೀವೇ ಅಲ್ವಾ?”

ಅಲ್ಲ ಎಂದೆ. ಆ ಬಾಗಿಲಿನ ಮಟ್ಟಿಗೆ ನನ್ನ ಜೀವನದ ದೊಡ್ಡ ತಪ್ಪು ಅದೇ.

೪. ಕಾರ್ಕಳದ ಪೊಟ್ಟಣ

ಧಣಿ ಮೊಳೆ ತರಿಸುವ ಲಕ್ಷಣ ಕಾಣಲಿಲ್ಲ. ಒಂದು ದಿನ ರಜೆ ಹಾಕಿ ಕಾರ್ಕಳದ ಇನ್ನೊಂದು ಪ್ರೆಸ್ಸಿಗೆ ಹೋಗಿ, ಸಂಘದ ಗೆಳೆಯನಿಂದ ಮೂರು ಬ್ರಾಕೆಟ್ ಮೊಳೆ ಕೇಳಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ನಮ್ಮ ಪ್ರೆಸ್ಸಿಗೆ ಕಾಲಿಟ್ಟರೆ ಪುಸ್ತಕ ಅಚ್ಚಾಗಿ, ಹೊಲಿದು, ಮಣಿಪಾಲಕ್ಕೆ ಹೋಗಿಯೂ ಆಗಿತ್ತು. ಮೂರು ಬ್ರಾಕೆಟ್ ಇಲ್ಲದೆ.

ಹದಿನೈದು ದಿನಕ್ಕೆ ದೂರು ಬಂತು: ಕೊನೆಯ ಲೆಕ್ಕ ಯಂತ್ರದಲ್ಲಿ ನಡೆಯುವುದಿಲ್ಲ. ಧಣಿ ಎಲ್ಲರೆದುರು, “ಏಳನೇ ಕ್ಲಾಸಿನವನು ಸ್ವಂತ ತಲೆ ಓಡಿಸಿದ್ದಾನೆ. ನಾಳೆಯಿಂದ ಬರುವುದು ಬೇಡ,” ಎಂದರು.

ಸ್ವಂತ ತಲೆ ಓಡಿಸಿದ್ದು ನಿಜ. ಅದನ್ನು ಅಚ್ಚು ಹಾಕಿರಲಿಲ್ಲ, ಅಷ್ಟೇ.

೫. ಯೋಚಿಸುವ ಯಂತ್ರ

ಮರುದಿನ ಬೆಳಿಗ್ಗೆಯೇ ಮಣಿಪಾಲಕ್ಕೆ ಹತ್ತಿದೆ. ಈ ಸಲ ಅರ್ಜಿ ಇರಲಿಲ್ಲ, ಗಂಟಲು ಇತ್ತು. ಗಲಾಟೆಗೆ ಮೇಷ್ಟ್ರೇ ಹೊರಗೆ ಬಂದರು.

“ತಪ್ಪು ನನ್ನದಾದರೆ ಯಂತ್ರ ಹೇಳಲಿ, ಹೋಗುತ್ತೇನೆ. ಅಲ್ಲದಿದ್ದರೆ ನನ್ನ ಧಣಿಗೆ ನೀವು ಚೀಟಿ ಬರೆದು ಕೊಡಬೇಕು,” ಎಂದೆ.

ಚಪ್ಪಲಿ ಬಿಡಿಸಿ ಒಳಗೆ ಕರೆದರು. ಒಳಗೆ ಮೀನು ಇಡುವ ಪೆಟ್ಟಿಗೆಯಷ್ಟು ಚಳಿ. ಮೇಷ್ಟ್ರು ಅಚ್ಚಾದ ಪುಟವನ್ನು ನೋಡಿ ನೋಡಿ ಟೈಪು ಮಾಡಿದರು. ಯಂತ್ರ ಸುಮ್ಮನಿತ್ತು. ಚಹಾ ತರಿಸಿದರು, ಒಂದೇ ಲೋಟ. ಕುಡಿದು ಮುಗಿಸಿದರು. ಆಗಲೂ ಸುಮ್ಮನೆ.

“ನೋಡಿ, ದಿನವೂ ಹೀಗೆಯೇ. ತುಂಬಾ ಯೋಚಿಸುತ್ತದೆ,” ಎಂದರು.

“ಯೋಚಿಸುತ್ತಿಲ್ಲ ಸಾರ್. ಬ್ರಾಕೆಟ್ಟಿಗೆ ಕಾಯುತ್ತಾ ಉಂಟು.”

ಕೈ ಚಾಚಿ ಮೂರು ಬ್ರಾಕೆಟ್ ಒತ್ತಿದೆ. ಯಂತ್ರ ತಕ್ಷಣ ಒಪ್ಪಿಕೊಂಡಿತು. ಆಮೇಲೆ ನನ್ನ ಲೆಕ್ಕ ಕೇಳಿದೆ: ಏಳು ಬೇರೆ ಬೇರೆ ಮೊಳೆಗಳನ್ನು ಒಂದು ಸಾಲಿನಲ್ಲಿ ಎಷ್ಟು ಬಗೆಯಲ್ಲಿ ಜೋಡಿಸಬಹುದು? ಕಣ್ಣು ಮಿಟುಕಿಸುವುದರೊಳಗೆ ಬಂತು: 5040. ಮನೆಯಲ್ಲಿ ಕಾಗದದ ಮೇಲೆ ನಾನು ಮಾಡಿದ್ದೂ ಅಷ್ಟೇ. ನನ್ನನ್ನು ಏನನ್ನೂ ಕೇಳದೆ ಉತ್ತರ ಕೊಟ್ಟದ್ದು ಆ ಗುಡ್ಡದ ಮೇಲೆ ಅದೊಂದೇ.

ಮೇಷ್ಟ್ರು ಪರದೆ ನೋಡಿದರು. ನನ್ನ ಬರಿಗಾಲು ನೋಡಿದರು.

“ನೀವು ಏನು ಓದಿದ್ದೀರಿ?”

“ಏಳನೇ ಕ್ಲಾಸು.”

ಬಹಳ ಹೊತ್ತು ಯೋಚಿಸಿ ಒಂದು ಚೀಟಿ ಬರೆದು ಗುಮಾಸ್ತರ ಕೈಗೆ ಕೊಟ್ಟರು. ನನ್ನ ಕೆಲಸ ಉಳಿಯಿತು ಎಂದುಕೊಂಡು ಬಗ್ಗಿ ಓದಿದೆ. ಓದಲು ನನಗೆ ಕಷ್ಟವೇ? ಮೊಳೆಯ ಉಲ್ಟಾ ಅಕ್ಷರ ಓದಿ ಅನ್ನ ತಿಂದವನು.

ಚೀಟಿಯಲ್ಲಿ ಹೀಗಿತ್ತು: “ಯಂತ್ರ ಕೆಟ್ಟಂತಿದೆ. ಕೂಡಲೇ ರಿಪೇರಿಯವರನ್ನು ಕರೆಸಿ.”