ಸೇದದವನಿಗೆ ಸೇದುವ ಜಾಗದಲ್ಲಿ ಏಳು ನಿಮಿಷ

ಇಂದ:
ಕರಡು ತಿದ್ದುವವನು (ಹಿರಿಯ ಶ್ರೇಣಿ),
ಕರಡು ಕೋಣೆ, ಎರಡನೇ ಮಹಡಿ, ಕಿಟಕಿಯಿಲ್ಲದ ಬದಿ.

ಗೆ:
ಮಾನ್ಯ ಆಡಳಿತ ವ್ಯವಸ್ಥಾಪಕರು,
ಔಷಧ ಮಾಹಿತಿ ಚೀಟಿಗಳ ಮುದ್ರಣಾಲಯ,
ಅದೇ ಕಟ್ಟಡ, ನೆಲಮಹಡಿ, ಕಿಟಕಿಯಿರುವ ಬದಿ.

ವಿಷಯ: ಧೂಮಪಾನ ತ್ಯಜಿಸಿದ ನೌಕರನಿಗೆ ಧೂಮಪಾನದ ಚಪ್ಪರದಲ್ಲಿ ದಿನಕ್ಕೆರಡು ಬಾರಿ, ತಲಾ ಏಳು ನಿಮಿಷ, ಸೇದದೆ ನಿಲ್ಲಲು ಅನುಮತಿ ಕೋರಿ.

ಉಲ್ಲೇಖ:
(ಅ) ತಮ್ಮ ಆರೋಗ್ಯ ಸುತ್ತೋಲೆ: ‘ಸೇದುವವರ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ ಪ್ರವೇಶ.’
(ಆ) ಕೆಮ್ಮಿನ ಔಷಧದ ನಾಲ್ಕು ಸಾವಿರ ಚೀಟಿಗಳು ಹಾಳಾದ ಬಗ್ಗೆ ನನಗೆ ನೀಡಿರುವ ಕಾರಣ ಕೇಳುವ ನೋಟಿಸು.
(ಇ) ನನ್ನ ಹೆಂಡತಿಯ ಮೌಖಿಕ ಆದೇಶ (ದಿನಾಂಕವಿಲ್ಲ, ದಿನವೂ ಜಾರಿಯಲ್ಲಿದೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಸಿಗರೇಟು ಬಿಟ್ಟಿದ್ದೇನೆ. ಇವತ್ತಿಗೆ ನಲವತ್ತೊಂದು ದಿನ. ಇದಕ್ಕಾಗಿ ತಾವು ಸೂಚನಾ ಫಲಕದಲ್ಲಿ ನನ್ನ ಫೋಟೋ ಹಾಕಿಸಿ ಅಭಿನಂದಿಸಿದ್ದೀರಿ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಅದು ಹಳೆಯ ಫೋಟೋ. ಈಗಿನ ಪರಿಸ್ಥಿತಿಯನ್ನು ಕೆಳಗೆ ವಿವರಿಸಿರುತ್ತೇನೆ.

1. ತಮ್ಮ ಸುತ್ತೋಲೆಯ ಪ್ರಕಾರ ಹಿಂದಿನ ಅಂಗಳದ ತಗಡಿನ ಚಪ್ಪರಕ್ಕೆ ಹೋಗಲು ಸೇದುವವರ ಪುಸ್ತಕದಲ್ಲಿ ಹೆಸರಿರಬೇಕು. ಹತ್ತೂವರೆಗೆ ಏಳು ನಿಮಿಷ, ಹನ್ನೆರಡೂ ಮುಕ್ಕಾಲಿಗೆ ಏಳು ನಿಮಿಷ. ಕಾವಲುಗಾರರು ಪುಸ್ತಕ ನೋಡಿ ಬಿಡುತ್ತಾರೆ. ನಾನು ಸಿಗರೇಟು ಬಿಟ್ಟ ಮರುದಿನವೇ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಇಪ್ಪತ್ತೆರಡು ವರ್ಷ ಬೇರೆಯವರ ಬರಹದ ಮೇಲೆ ಕೆಂಪು ಗೆರೆ ಎಳೆದ ನನಗೆ, ಎಳೆಸಿಕೊಂಡರೆ ಹೇಗಿರುತ್ತದೆಂದು ಆವತ್ತೇ ತಿಳಿದದ್ದು.

2. ಸದರಿ ಚಪ್ಪರದಲ್ಲಿ ಹನ್ನೊಂದು ವರ್ಷ ನಾನು ನಿಂತದ್ದು ಸಿಗರೇಟಿಗಾಗಿ ಎಂದು ಕಚೇರಿ ಭಾವಿಸಿದೆ. ನಾನೂ ಹಾಗೆಯೇ ಭಾವಿಸಿದ್ದೆ. ಇಬ್ಬರದೂ ತಪ್ಪು. ನಾನು ಅಲ್ಲಿಗೆ ಹೋಗುತ್ತಿದ್ದದ್ದು ಕತ್ತರಿಸುವ ಯಂತ್ರದ ಹಿರಿಯ ಕೆಲಸಗಾರರಾದ, ಎಲ್ಲರೂ ಹಡಗಣ್ಣ ಎಂದು ಕರೆಯುವವರ ಜೊತೆ ಜಗಳವಾಡಲು.

3. ಜಗಳದ ಮೂಲ ನಮ್ಮ ಮುದ್ರಣಾಲಯದ ಸರಕೇ ಆಗಿರುತ್ತದೆ. ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿಯಲ್ಲಿ ಆರು ಭಾಷೆಗಳಿರುವುದು ತಮಗೆ ತಿಳಿದೇ ಇದೆ. ಇಂಗ್ಲಿಷ್ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಉಳಿದ ಐದು ಕೆಳಗೆ, ಭೂತಗನ್ನಡಿ ಹಿಡಿದು ಹುಡುಕಬೇಕಾದ ಅಕ್ಷರದಲ್ಲಿ. ಹನ್ನೊಂದು ವರ್ಷಗಳ ಹಿಂದೆ ಹಡಗಣ್ಣನವರು ಅಂಥದ್ದೊಂದು ಚೀಟಿಯನ್ನು ಜೇಬಿನಿಂದ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು.

“ಕರಡಪ್ಪಾ, ಓದ್ಕೊಂಡೋನು ನೀನು, ಹೇಳು. ಇವ್ನು ಯಾಕೆ ಯಾವಾಗ್ಲೂ ಮೇಲೆ?”

“ಎಲ್ರಿಗೂ ಅರ್ಥ ಆಗತ್ತೆ ಅಂತ, ಅಣ್ಣ.”

“ಅದೇ, ಎಲ್ರಿಗೂ ಯಾಕೆ ಅರ್ಥ ಆಗತ್ತೆ?”

ಅಷ್ಟರಲ್ಲಿ ಏಳು ನಿಮಿಷ ಮುಗಿಯಿತು. ವಿಷಯ ಇವತ್ತಿನವರೆಗೂ ಮುಗಿದಿಲ್ಲ.

4. ಹಡಗಣ್ಣನವರ ನಿಲುವೇನೆಂದರೆ, ಇಂಗ್ಲಿಷ್ ಜಗತ್ತಿಗೆಲ್ಲ ಹಬ್ಬಿದ್ದು ಹಡಗಿನಿಂದ, ಹಡಗಿನ ಮೇಲಿದ್ದ ತೋಪಿನಿಂದ. ಅವರಿಗೆ ಆ ಹೆಸರು ಬಿದ್ದದ್ದೂ ಇದೇ ಕಾರಣಕ್ಕೆ. ಅವರು ಹಡಗನ್ನು ಕಣ್ಣಾರೆ ಕಂಡವರೇನಲ್ಲ. ನನ್ನ ನಿಲುವೇನೆಂದರೆ, ಅದು ಬರೀ ಚಟ. ಮೊದಲ ಸಲ ಯಾರೋ ಕೊಟ್ಟಿರಬಹುದು, ಆಮೇಲೆ ನಾವೇ ಹುಡುಕಿಕೊಂಡು ಹೋದೆವು. ದೊಡ್ಡವರಂತೆ ಕಾಣಲು ಶುರುಮಾಡಿದ್ದು, ಈಗ ಇಲ್ಲದಿದ್ದರೆ ಕೈ ನಡುಗುತ್ತದೆ. ಈ ವಾದವನ್ನು ನಾನು ಸಿಗರೇಟು ಹಿಡಿದೇ ಮಂಡಿಸುತ್ತಿದ್ದ ಕಾರಣ ಅದಕ್ಕೆ ಸಾಕ್ಷ್ಯಾಧಾರದ ಕೊರತೆ ಇರಲಿಲ್ಲ.

“ಹಡಗು ಬೇರೆಯವ್ರ ಹತ್ರಾನೂ ಇತ್ತಲ್ಲ ಅಣ್ಣ? ಅವ್ರ ಭಾಷೆ ಯಾಕೆ ನಮ್ಮ ಚೀಟಿ ಮೇಲಿಲ್ಲ?”

“ಅವ್ರ ಹಡಗು ಮುಳುಗ್ತು.”

“ಹೋಗ್ಲಿ, ಇವ್ರ ಹಡಗೂ ವಾಪಸ್ ಹೋಗಿ ಎಷ್ಟು ಕಾಲ ಆಯ್ತು! ಈಗ ಇರೋದು ಸಿನಿಮಾ, ವಿಮಾನ, ಕಂಪ್ಯೂಟರು.”

“ಅದೇ ಹಡಗಿಗೆ ರೆಕ್ಕೆ ಬಂದಿದೆ ಕಣಯ್ಯ, ಅಷ್ಟೇ.”

ಇಂತಹ ಉತ್ತರಗಳಿಗೆ ನನ್ನಲ್ಲಿ ಸಕಾಲದಲ್ಲಿ ಪ್ರತ್ಯುತ್ತರ ಲಭ್ಯವಿರುತ್ತಿರಲಿಲ್ಲ. ಆದ ಕಾರಣ ರಾತ್ರಿಯ ಊಟದ ಹೊತ್ತಿಗೆ ಅದನ್ನು ಹೊಂಚಿಕೊಂಡು, ಮರುದಿನ ಹತ್ತೂವರೆಗೆ ಹಾಜರಾಗುವುದು ಅನಿವಾರ್ಯವಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ನಾನು ಒಂದೇ ಒಂದು ಸಾಂದರ್ಭಿಕ ರಜೆ ಹಾಕದಿರುವುದಕ್ಕೆ ಕರ್ತವ್ಯನಿಷ್ಠೆ ಕಾರಣವೆಂದು ನನ್ನ ಸೇವಾ ದಾಖಲೆಯಲ್ಲಿ ಬರೆದಿದ್ದಾರೆ. ದಾಖಲೆಯನ್ನು ತಿದ್ದುವುದು ನನ್ನ ವೃತ್ತಿಯಾದರೂ ಅದನ್ನು ಹಾಗೆಯೇ ಬಿಟ್ಟಿದ್ದೇನೆ.

5. ಹೀಗಿರುವಾಗ ಡಾಕ್ಟರು ನನ್ನ ಎದೆಯ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ನೇರವಾಗಿ ನನ್ನ ಹೆಂಡತಿಯ ಕೈಗೆ ಕೊಟ್ಟರು. ಇದು ಯಾವ ವೈದ್ಯ ನೀತಿಯೋ ನನಗೆ ಗೊತ್ತಿಲ್ಲ.

“ರೀ, ನಿಮಗೆ ಉಸಿರಾಡೋಕೆ ಮನಸ್ಸಿದ್ಯೋ ಇಲ್ವೋ? ಎರಡ್ರಲ್ಲಿ ಒಂದು ಹೇಳಿ,” ಎಂದಳು.

ಇದೆ ಎಂದು ಲಿಖಿತವಾಗಿ ಕೊಟ್ಟೆ.

6. ಬಿಟ್ಟ ಮೇಲೆ ಚಪ್ಪರಕ್ಕೆ ಖಾಲಿ ಕೈಯಲ್ಲಿ ಹೋದೆ. ಕಾವಲುಗಾರರು ತಡೆದರು. “ಹೊತ್ತಿಸ್ದೆ ನಿಂತ್ರೆ ಅದು ಸೇದೋದಲ್ಲ ಸಾರ್, ಹರಟೆ. ಹರಟೆಗೆ ಪುಸ್ತಕ ಇಲ್ಲ.” ಆದರೂ ಅವರು ಕರುಣಾಮಯಿಗಳಾದ್ದರಿಂದ, ಹೊತ್ತಿಸಿ ಕೈಯಲ್ಲಿ ಹಿಡಿದುಕೊಂಡರೆ ಕಂಡೂ ಕಾಣದಂತೆ ಇರುವುದಾಗಿ ಒಪ್ಪಿದರು. ಆ ಪ್ರಕಾರ ಐದು ದಿನ ಸಿಗರೇಟನ್ನು ಹೊತ್ತಿಸಿ, ತುಟಿಗೆ ತಾಗಿಸದೆ, ಊದುಬತ್ತಿಯಂತೆ ಹಿಡಿದು ವಾದ ಮಾಡಿದೆ. ನಾನು ಸೇದಲಿಲ್ಲ. ಆದರೆ ನನ್ನ ಅಂಗಿ ಸೇದಿತು. ಹೆಂಡತಿ ಮೂಸಿ ನೋಡಿ ಮೂರು ದಿನ ಮಾತು ಬಿಟ್ಟಳು, ನಾಲ್ಕನೇ ದಿನ ಅತ್ತಳು. ಮಾತು ಬಿಟ್ಟಾಗ ಹೇಗೋ ತಡೆದುಕೊಂಡೆ, ಅತ್ತಾಗ ಆಗಲಿಲ್ಲ. ಆದ್ದರಿಂದ ಆ ಮಾರ್ಗವನ್ನು ಕೈಬಿಡಲಾಯಿತು.

7. ತರುವಾಯ ಕ್ಯಾಂಟೀನಿನಲ್ಲಿ ಪ್ರಯತ್ನಿಸಲಾಯಿತು. ಎದುರುಬದುರು ಕುಳಿತೆವು. ಸಿಗರೇಟಿನ ಜೊತೆ ವಾದ ಮಾಡುವಾಗ ಒಬ್ಬ ಹೊಗೆ ಎಳೆಯುವಷ್ಟು ಹೊತ್ತು ಇನ್ನೊಬ್ಬನಿಗೆ ಮಾತಿನ ಸರದಿ ಸಿಗುತ್ತದೆ. ಕ್ಯಾಂಟೀನಿನಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿದೆವು, ಒಟ್ಟಿಗೇ ಸುಮ್ಮನಾದೆವು. ಕೊನೆಗೆ ಹಡಗಣ್ಣನವರು, “ನೀನ್ ಹೇಳೋದ್ರಲ್ಲೂ ಸ್ವಲ್ಪ ನಿಜ ಇದೆ ಬಿಡು,” ಎಂದರು. ನಾನೂ, “ನೀವು ಹೇಳೋದೂ ಸರೀನೇ ಅಣ್ಣ,” ಎಂದೆ. ಇಬ್ಬರಿಗೂ ಹೇಸಿಗೆಯಾಯಿತು. ಚಹಾ ಅರ್ಧಕ್ಕೆ ಬಿಟ್ಟು ಎದ್ದೆವು.

8. ಈಗ ಉಲ್ಲೇಖ (ಆ)ದ ನೋಟಿಸಿಗೆ ಉತ್ತರ. ಬೇರೆ ದಾರಿ ಕಾಣದೆ ನಾವು ಬರವಣಿಗೆಗೆ ಇಳಿದೆವು. ಹಡಗಣ್ಣನವರು ಕತ್ತರಿಸಿ ಉಳಿದ ಕಾಗದದ ಪಟ್ಟಿಗಳ ಮೇಲೆ ವಾದ ಬರೆದು ಕರಡುಗಳ ಕಟ್ಟಿನೊಳಗೆ ಸೇರಿಸಿ ಕಳಿಸುವುದು, ನಾನು ಅಂಥದೇ ಪಟ್ಟಿಯಲ್ಲಿ ಉತ್ತರ ಬರೆದು ಹಿಂದಿರುಗಿಸುವುದು. ಒಂದು ದಿನ ಉತ್ತರ ಹೊಳೆದ ಖುಷಿಯಲ್ಲಿ ನಾನು ಪಟ್ಟಿಯ ಬದಲು ಕೆಮ್ಮಿನ ಔಷಧದ ಕರಡಿನ ಅಂಚಿನಲ್ಲಿಯೇ ಬರೆದೆ. ಅದೂ ಕೆಂಪು ಶಾಯಿಯಲ್ಲಿ. ಕರಡಿನ ಅಂಚಿನಲ್ಲಿ ಕೆಂಪಗೆ ಇರುವುದನ್ನೆಲ್ಲ ಸೇರಿಸತಕ್ಕದ್ದು ಎಂಬ ನಿಯಮವನ್ನು ಅಕ್ಷರ ಕೂಡಿಸುವ ಹುಡುಗಿ ಚಾಚೂ ತಪ್ಪದೆ ಪಾಲಿಸಿದಳು. ಪರಿಣಾಮವಾಗಿ ಚೀಟಿಯಲ್ಲಿ ಹೀಗೆ ಅಚ್ಚಾಯಿತು:

‘ಸೇವಿಸುವ ವಿಧಾನ: ಊಟದ ನಂತರ ಎರಡು ಚಮಚ. ಹಡಗು ಬಂದು ಬಾಯಿಗಿಟ್ಟ ಮಾತ್ರಕ್ಕೆ ನುಂಗಲೇಬೇಕು ಅಂತ ಏನಿತ್ತು? ಉಗುಳಬಹುದಿತ್ತಲ್ಲ?’

ನಿಯಮಾನುಸಾರ ಅದನ್ನು ಉಳಿದ ಐದು ಭಾಷೆಗಳಿಗೂ ಅನುವಾದ ಮಾಡಿಸಲಾಗಿತ್ತು. ಇಂಗ್ಲಿಷ್ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ.

ಚೀಟಿಗಳು ಕಟ್ಟಡ ಬಿಟ್ಟು ಹೊರಗೆ ಹೋಗಲಿಲ್ಲ. ಹಡಗಣ್ಣನವರು ಯಂತ್ರ ನಿಲ್ಲಿಸಿದರು. ಮೊದಲ ಕಟ್ಟಿನಲ್ಲೇ ನಿಲ್ಲಿಸದೆ ನಾಲ್ಕು ಸಾವಿರದವರೆಗೆ ಬಿಟ್ಟದ್ದೇಕೆ ಎಂದು ಮೇಲ್ವಿಚಾರಕರು ಕೇಳಿದಾಗ ಅವರು ಕೊಟ್ಟ ಹೇಳಿಕೆ: “ಓದ್ದೆ ಸಾರ್. ಉತ್ತರ ಹೊಳೀಲಿಲ್ಲ.” ನಿಲ್ಲಿಸಿದ ಮೇಲೆ ಕೊನೆಯ ಹಾಳೆಯ ಅಂಚಿನಲ್ಲಿ ಅವರು ಬರೆದದ್ದು: “ಗಂಟಲು ಹಿಡಿದು ಸುರಿದರೆ ಉಗುಳೋದು ಹೆಂಗಯ್ಯ?” ತಪ್ಪು ಸಂಪೂರ್ಣವಾಗಿ ನನ್ನದು. ಆದರೆ ಅವರ ಉತ್ತರ ಚೆನ್ನಾಗಿತ್ತು ಎಂಬುದನ್ನು ತಾವೂ ಒಪ್ಪಬೇಕು.

9. ನೋಟಿಸು ಬಂದ ದಿನದಿಂದ, ಅಂದರೆ ಇಪ್ಪತ್ತು ದಿನಗಳಿಂದ, ಹಡಗಣ್ಣನವರು ನನ್ನ ಕಡೆ ತಿರುಗಿಯೂ ನೋಡಿಲ್ಲ. ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಾರೆ. ಸಿಟ್ಟು ಬಂದಿರಬೇಕೆಂದು ಕಾವಲುಗಾರರನ್ನು ವಿಚಾರಿಸಿದೆ.

“ಸಿಟ್ಟೇನಿಲ್ಲ ಸಾರ್. ‘ನನ್ನಿಂದ ಅವ್ನ ಕೆಲಸಕ್ಕೆ ಕುತ್ತು ಬಂತು, ನಾನು ದೂರ ಇದ್ರೆ ಅವ್ನು ಉಳ್ಕೋತಾನೆ’ ಅಂತಾರೆ.”

“ಒಬ್ರೇ ನಿಂತ್ಕೋತಾರಾ?”

“ಒಬ್ರೇ. ಮೊದ್ಲು ನಿಮ್ ಜೊತೆ ಕೂಗಾಡ್ತಾ ಇದ್ರೆ ಅರ್ಧ ಸಿಗರೇಟು ತಾನಾಗೇ ಉರ್ದು ಹೋಗ್ತಿತ್ತು. ಈಗ ಒಂದರ ಬೆಂಕಿಯಿಂದ ಇನ್ನೊಂದು ಹೊತ್ತಿಸ್ತಾರೆ. ಏಳು ನಿಮಿಷಕ್ಕೆ ಮೂರು. ಕೆಮ್ಮು ಕೇಳೋಕಾಗಲ್ಲ ಸಾರ್.”

ಮಾನ್ಯರೇ, ಅವರ ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲ. ಅತ್ತಿಗೆ ತೀರಿಕೊಂಡು ಆರು ವರ್ಷವಾಯಿತು. ಅವರ ದಿನದ ಮಾತೆಲ್ಲ ಆ ಹದಿನಾಲ್ಕು ನಿಮಿಷವೇ ಆಗಿತ್ತು. ನನ್ನ ಎದೆ ಉಳಿಸಿಕೊಳ್ಳಲು ಹೋಗಿ ಅವರ ಎದೆಗೆ ಬೆಂಕಿ ಇಟ್ಟೆನೆಂಬ ಸಂಕಟ ನನ್ನನ್ನು ತಿನ್ನುತ್ತಿದೆ. ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದೆ ಹೀಗೇ ಬರೆದಿದ್ದೇನೆ.

10. ಸದರಿಯವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಉಳಿದಿರುವುದು ಹತ್ತೊಂಬತ್ತು ಕೆಲಸದ ದಿನ.

11. (ಗೋಪ್ಯ. ಹಡಗಣ್ಣನವರಿಗೆ ಈ ಅರ್ಜಿಯ ಪ್ರತಿ ಕೊಡುವುದಾದರೆ ಈ ಕಂಡಿಕೆಯನ್ನು ಮಸಿ ಬಳಿದು ಕೊಡತಕ್ಕದ್ದು.) ವಾದದಲ್ಲಿ ನಾನು ಸೋತಿದ್ದೇನೆ. ಚಟ ನಮ್ಮದೇ, ಮನಸ್ಸು ಮಾಡಿದರೆ ಬಿಡಬಹುದು ಎಂದು ಹನ್ನೊಂದು ವರ್ಷ ಹೇಳಿದೆ. ಬಿಟ್ಟ ಮೇಲೆ ಗೊತ್ತಾಯಿತು. ಮನೆಯಿಂದ ಬಸ್ ನಿಲ್ದಾಣಕ್ಕೆ ಒಂಬತ್ತು ಅಂಗಡಿಗಳಿವೆ, ಒಂಬತ್ತರಲ್ಲೂ ಸಿಗರೇಟಿನ ಪೊಟ್ಟಣ ಸರಿಯಾಗಿ ಕಣ್ಣಿನ ಮಟ್ಟಕ್ಕಿದೆ. ಅದನ್ನು ಅಲ್ಲಿಟ್ಟವನು ನಾನಲ್ಲ. ಇಂಗ್ಲಿಷನ್ನು ಚೀಟಿಯ ಮೇಲ್ಭಾಗಕ್ಕೆ ಇಟ್ಟವರೂ ನಾವಲ್ಲ. ಅಣ್ಣ ಹೇಳಿದ್ದೇ ಸರಿ. ಆದರೆ ಇದನ್ನು ಅವರಿಗೆ ಹೇಳಿದರೆ ಕ್ಯಾಂಟೀನಿನಲ್ಲಿ ಆದದ್ದೇ ಮತ್ತೆ ಆಗುತ್ತದೆ. ಕಾರಣ, ಉಳಿದ ಅವಧಿಯಲ್ಲಿ ನಾನು ನಂಬದ ವಾದವನ್ನು ಜೋರಾಗಿಯೇ ಮಂಡಿಸಲು ತೀರ್ಮಾನಿಸಿದ್ದು, ಇದನ್ನು ಕರ್ತವ್ಯದ ವೇಳೆಯಲ್ಲಿ ಸುಳ್ಳು ಹೇಳಿದ ಅಪರಾಧವೆಂದು ಪರಿಗಣಿಸಬಾರದು.

ಆದ್ದರಿಂದ, ಈ ಎಲ್ಲ ಕಾರಣಗಳಿಂದಾಗಿ, ‘ಸೇದದ ಸೇದುವವನು’ ಎಂಬ ಹೊಸ ವರ್ಗವೊಂದನ್ನು ತೆರೆದು ನನ್ನ ಹೆಸರನ್ನು ಪುಸ್ತಕಕ್ಕೆ ಮರಳಿ ಸೇರಿಸಬೇಕೆಂದೂ, ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲುವ ಜವಾಬ್ದಾರಿ ನನ್ನದೇ ಎಂದೂ, ನೋಟಿಸಿಗೆ ಸಂಬಂಧಿಸಿದ ಯಾವುದೇ ಶಿಕ್ಷೆಯನ್ನು ತಿಂಗಳ ಕೊನೆಯ ನಂತರ ಸಂತೋಷದಿಂದ ಅನುಭವಿಸುತ್ತೇನೆಂದೂ ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸ ಇನ್ನೂ ಉಳಿದಿದೆಯೆಂದು ನಂಬಿರುವ,
ಕರಡು ತಿದ್ದುವವನು

ಅಡಕಗಳು:
1. ಎಕ್ಸ್‌ರೇ (ನೋಡಿ ಹಿಂದಿರುಗಿಸಬೇಕು, ಹೆಂಡತಿಗೆ ಅದನ್ನು ಮತ್ತೆ ಅಡುಗೆಮನೆಯ ಗೋಡೆಗೆ ತೂಗುಹಾಕಬೇಕಿದೆ).
2. ಹಾಳಾದ ಚೀಟಿ, ಒಂದು.
3. ಹೆಂಡತಿಯ ನಿರಾಕ್ಷೇಪಣಾ ಪತ್ರ. ಷರತ್ತು: ದಿನವೂ ಸಂಜೆ ಅಂಗಿ ಮೂಸಿ ನೋಡಲಾಗುವುದು.

ವಿ.ಸೂ.: ಅನುಮತಿ ನೀಡಲು ಸಾಧ್ಯವೇ ಇಲ್ಲವೆಂದಾದಲ್ಲಿ, ದಯಮಾಡಿ ನಿರಾಕರಣೆಯ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿ, ನನಗೆ ತಲುಪಿಸುವಂತೆ ಹಡಗಣ್ಣನವರ ಕೈಗೆ ಕೊಡಬೇಕು. ಅದನ್ನು ಕಂಡರೆ, ಹಡಗು ಇಲ್ಲಿಗೂ ಬಂತು, ನಾನೇ ಗೆದ್ದೆ ಎಂದು ಹೇಳಲಿಕ್ಕಾದರೂ ಅವರು ಮೆಟ್ಟಿಲು ಹತ್ತಿ ನನ್ನ ಮೇಜಿನವರೆಗೆ ಬರುತ್ತಾರೆ. ಕುರ್ಚಿ ಒರೆಸಿಟ್ಟಿದ್ದೇನೆ.