ಕಂಬಳಿಗೊಂದು ಹೆಬ್ಬೆಟ್ಟು

ನಿಜಾಮರ ಕಾಲದಾಗ, ಆಳಂದದ ಆಚಿಗಿನ ಒಂದು ಸಣ್ಣ ದವಾಖಾನ್ಯಾಗ ನಾ ಕಂಪೌಂಡರ್ ಇದ್ದೆ. ಕ್ಲೋರೋಫಾರ್ಮ್ ಕೊಟ್ಟು ಆಪರೇಷನ್ ಮಾಡಿದ ಮ್ಯಾಲ ಮಂದಿ ಎಚ್ಚರಾಗೂ ಹೊತ್ತಿಗೆ ಗಡಗಡ ನಡುಗತಾರ, ಸುಡು ಬ್ಯಾಸಗ್ಯಾಗೂ. ಹೊಲಿಗಿ ಬಿಚ್ಚೀತು ಅಂತ ಡಾಕ್ಟರ್ ಸಾಹೇಬ್ರಿಗೆ ಅಂಜಿಕಿ. ಅವರನ್ನ ಬೆಚ್ಚಗ ಇಡೂ ಕೆಲಸ ನಂದು. ಹೇಳಾಕ ಹಗುರ. ಕಂಬಳಿ ಇದ್ದದ್ದು ಗುದಾಮಿನಾಗ, ಕೀಲಿ ಗುದಾಮಿನ ಲೆಕ್ಕ ಬರಿಯೂ ಮುನ್ಶಿಯ ಉಡದಾರದಾಗ. ಅದರ ಸಲುವಾಗಿ ನಾ ಪಟ್ಟ ಪಾಡು ಒಂದ ಎರಡ?

೧. ದೇವಿ ಬೇಡಿದ್ದು

ಅಫಜಲಪುರ ಕಡಿಯಾಕಿ ಒಬ್ಬಾಕಿ ಹೊಟ್ಟ್ಯಾಗಿನ ಗಂಟು ತಗಸ್ಕೊಂಡಿದ್ದಳು. ಎಚ್ಚರಾಗಿ ನಡುಗಾಕ ಸುರು ಮಾಡಿದಳು. ನಾ ಬಿಸಿ ಇಟ್ಟಂಗಿ ಅರಿವ್ಯಾಗ ಸುತ್ತಿ ತರೂದ್ರಾಗ, ಮೈಮ್ಯಾಲ ದೇವಿ ಬಂದಾಳಂತ ಆಕಿ ಅತ್ತಿ ಸೊಸಿ ಹಣಿಗೆ ಭಂಡಾರ ಬಡದು ಕೈಮುಗದು ನಿಂತಿದ್ದಳು. "ಏನ ಬೇಕ ತಾಯಿ?" ಅಂದ್ರ ಸೊಸಿ ಹಲ್ಲು ಕಟಕಟ ಅನಕೋತ "ಕಂಬಳಿ" ಅಂದಳು.

ಅತ್ತಿ ಪ್ಯಾಟಿಗೆ ಓಡಿ ಹೊಸಾ ಕಂಬಳಿ ತಂದಳು. ಪುಣ್ಯಾತಗಿತ್ತಿ ಅಂತ ನಾ ಕೈ ಚಾಚಿದೆ.

"ನಿಮಗಲ್ರಿ, ದೇವಿ ಬೇಡ್ಯಾಳ" ಅಂದಾಕಿ ಸೀದಾ ಗುಡಿಗೆ ಒಯ್ದು ದೇವಿಗೆ ಹೊಚ್ಚಿ ಬಂದಳು. ಸೊಸಿ ಇಲ್ಲೇ ನಡುಗಾಕತ್ತಿದ್ದಳು.

೨. ಕಾಯ್ದೆ

ದೇವಿದಾದ್ರೂ ತಿಳೀತದ, ಮುನ್ಶಿದು ತಿಳೀಲಿಲ್ಲ. ಹೊಚಗೊಳ್ಳಾಂವನ ಸ್ವತಃ ಕಾಗದಕ್ಕ ಹೆಬ್ಬೆಟ್ಟು ಒತ್ತಬೇಕು, ಆಮ್ಯಾಲ ಕಂಬಳಿ, ಇದು ಅವನ ಕಾಯ್ದೆ. ಆಪರೇಷನ್ನಿಗೆ ಮೊದಲ ಒತ್ತಿಸ್ತೀನಿ ಅಂದ್ರ, ಇನ್ನೂ ನಡುಕ ಬಂದಿಲ್ಲ, ಜರೂರತ್ ಎಲ್ಲಿ ಅಂತಿದ್ದ. ಮೈ ಉರದು ಹೋಗತಿತ್ತು.

ಇಜೇರಿ ಊರಿನ ರೈತನೊಬ್ಬ ನಡುಗೂ ಕೈಲೆ ಒತ್ತಿದ. ಮಸಿ ಕಾಗದದ ತುಂಬ ಹರೀತು. ಗುರುತು ಸಾಫ್ ಇಲ್ಲಂತ ಮುನ್ಶಿ ಎರಡು ಸಲ ವಾಪಸ್ ಕಳಿಸಿದ. ಕಡೀಕ ಡಾಕ್ಟರ್ ಸಾಹೇಬ್ರು ತಮ್ಮ ಕೋಟು, ನಾ ನನ್ನ ಧೋತರ ಹೊಚ್ಚಿ ನಡುಕ ನಿಲ್ಲಿಸಿದಿವಿ. ಮೂರನೇ ಸಲ ಬೆಟ್ಟು ಚಂದಾಗಿ ಮೂಡ್ತು.

ಮುನ್ಶಿ ಅದನ್ನ ನೋಡಿ, "ಕೈ ನಡುಗವಲ್ಲದಲ್ರಿ, ಇನ್ನ ಕಂಬಳಿ ಯಾಕ?" ಅಂದ.

೩. ವಾಪಸ್

ಮರುವರ್ಷ ಬ್ಯಾಸಗ್ಯಾಗ ಮುನ್ಶಿಗೇ ಅಂಡವಾಯು ಆಪರೇಷನ್ ಆತು. ಕ್ಲೋರೋಫಾರ್ಮಿಗೆ ಮೊದಲ ಕೀಲಿ ನನ್ನ ಕೈಯಾಗಿಟ್ಟು, ಕಾಯ್ದೆ ಮುರೀಬ್ಯಾಡ್ರಿ ಅಂತ ತಾಕೀತು ಮಾಡಿದ.

ಎಚ್ಚರಾದ. ಮಂಚ ಸಮೇತ ನಡುಗಾಕತ್ತಿದ. ಸಿಟ್ಟು ಇತ್ತು ಖರೆ, ಆದ್ರ ನೋಡಿಕೋತ ನಿಲ್ಲಾಕ ಮನಸು ಬರಲಿಲ್ಲ, ಗುದಾಮು ತಗದು ಎರಡು ಕಂಬಳಿ ತಂದೆ. ಆ ಪುಣ್ಯಾತ್ಮ ಕಂಬಳಿ ಆಚಿಗೆ ದಬ್ಬಿ "ಕಾ... ಕಾಗದ" ಅಂದ. ಕೊಟ್ಟೆ. ಬರಿಯಾಕ ಬಲ್ಲಾಂವ, ಹೆಬ್ಬೆಟ್ಟಿನ ಬದಲಿ ಹಲ್ಲು ಕಡಕೋತ ಸಹಿ ಗೀಚಿದ. ಗೀಚಿದ್ದನ್ನ ಕಣ್ಣಿನ ಹತ್ರ ಹಿಡದು ಭಾಳ ಹೊತ್ತು ನೋಡಿದ.

"ಇದು ಮುನ್ಶಿ ಸಹಿ ಅಲ್ರಿ. ವಾಪಸ್ ಕಳಸ್ರಿ."

ನಾ ಎರಡೂ ಕಂಬಳಿ ಕುತ್ತಿಗಿ ತನಕ ಬಿಗಿದು ಹೊಚ್ಚಿದೆ. ಅವನ ಮಾತು ಮೀರಬಾರದಂತ ಕಾಗದ ಗುದಾಮಿಗೆ ವಾಪಸ್ ಕಳಿಸಿದೆ. ಕೀಲಿ ಮಾತ್ರ ಕಳಸಲಿಲ್ಲ.