ಜರುಗುವ ಭೂಮಿ, ಜರುಗದ ನಮ್ಮಪ್ಪ

ನಾನು ಪದವೀಧರ. ಇದನ್ನು ಹೇಳದೆ ಮಾತು ಶುರು ಮಾಡಲು ನನಗೆ ಬರುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಹಾಲ್ಕುರಿಕೆಯ ಹತ್ತಿರದ ನಮ್ಮ ಹಳ್ಳಿಯಿಂದ ತುಮಕೂರಿಗೆ ಹೋಗಿ, ಹಾಸ್ಟೆಲಿನ ನೀರು ಸಾರು ಉಂಡು, ಒಂದೇ ಪ್ಯಾಂಟನ್ನು ಮೂರು ವರ್ಷ ಒಗೆದು ಒಣಗಿಸಿ ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡಿದೆ. ಭೂವಿಜ್ಞಾನವೇ ಯಾಕೆ ಎಂದು ಕೇಳುವವರಿಗೆ ನನಗೆ ಕಲ್ಲುಗಳ ಮೇಲೆ ಚಿಕ್ಕಂದಿನಿಂದ ಪ್ರೀತಿ ಎಂದು ಹೇಳುತ್ತೇನೆ. ನಿಜ ಹೇಳಬೇಕೆಂದರೆ ಆ ವರ್ಷ ಆ ಸೀಟು ಕೇಳಿಕೊಂಡು ಬೇರೆ ಯಾರೂ ಬಂದಿರಲಿಲ್ಲ. ಆಮೇಲೆ ಬಿ.ಎಡ್. ಮಾಡಿ ಹಂದನಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾದೆ. ತೊಂಬತ್ತರ ದಶಕದ ನಡುವಿನ ಮಾತು. ಊರೆಲ್ಲ ನನ್ನನ್ನು ಮೇಷ್ಟ್ರೇ ಎಂದು ಕರೆಯಿತು. ನಮ್ಮಪ್ಪ ಒಬ್ಬ ಮಾತ್ರ, ‘ಅಷ್ಟು ವರ್ಷ ಓದ್ದಲ್ಲ, ಅದ್ರಲ್ಲಿ ಏನಿತ್ಲಾ?’ ಎಂದು ಕೇಳುವುದನ್ನು ಬಿಡಲಿಲ್ಲ.

ಅದರಲ್ಲಿ ಏನಿತ್ತು ಎಂದು ಅಪ್ಪನಿಗೆ ತಿಳಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ಓದಿದ್ದರಲ್ಲಿ ದೊಡ್ಡದನ್ನೇ ಆರಿಸಿಕೊಂಡೆ. ಭೂಮಿಯ ಮೇಲ್ಪದರ ಒಂದೇ ತುಂಡಲ್ಲ, ಅದು ಹಲವು ದೊಡ್ಡ ಹಲಗೆಗಳಾಗಿ ಒಡೆದಿದೆ, ಒಳಗಿನ ಕಾವಿಗೆ ಆ ಹಲಗೆಗಳು ಸದಾ ಜರುಗುತ್ತಿವೆ, ಬೆಟ್ಟ ಸಮುದ್ರಗಳೆಲ್ಲ ಹಾಗೇ ಹುಟ್ಟಿದವು ಎಂದೆ. ಅಪ್ಪ ಎಲೆ ಅಡಿಕೆ ಮೆಲ್ಲುತ್ತಾ ಕೇಳಿದ. ಬಾಯಿ ಖಾಲಿಯಾದ ಮೇಲೆ, ‘ನಾನು ಹುಟ್ಟಿದಾಗ್ಲಿಂದ ಬಾವಿ ಅಲ್ಲೇ ಐತೆ, ಗುಡಿ ಅಲ್ಲೇ ಐತೆ. ಬುಡ್ಲಾ’ ಎಂದ.

ನಾನು ಬಿಡುವವನಲ್ಲ. ಅಟ್ಟ ಹತ್ತಿ ಒಂದು ಒಣಗಿದ ಕಾಯಿ ತಂದೆ. ನಮ್ಮ ಸೀಮೆಯಲ್ಲಿ ಕಾಯನ್ನು ಹೆಚ್ಚು ಕಡಿಮೆ ಒಂದು ವರ್ಷ ಅಟ್ಟದ ಮೇಲೆ ಹಾಗೇ ಬಿಡುತ್ತಾರೆ; ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ‘ನೋಡಪ್ಪಾ, ಇದು ಭೂಮಿ. ಈ ಚಿಪ್ಪೇ ನಾವು ನಿಂತಿರೋ ನೆಲ. ಇದು ಒಡೆದು ತುಂಡಾಗಿ ಜರುಗ್ತಾ ಇರ್ತದೆ’ ಎಂದೆ. ಅಪ್ಪ ಕಾಯನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಲೊಟಲೊಟ ಎಂದಿತು.

‘ಚಿಪ್ಪು ಎಲ್ಲಾದ್ರೂ ಜರುಗ್ತದೇನ್ಲಾ? ಅಲ್ಲಾಡೋದು ಒಳಗಿನ ಕೊಬ್ರಿ. ಅದೂ ನೀರೆಲ್ಲ ಇಂಗಿದ ಮೇಲೆ. ಅಲ್ಲಾಡ್ತು ಅಂದ್ರೆ ಸುಲಿದು ಒಡೆಯೋಕೆ ಬಂತು ಅಂತ. ನಿನ್ನ ಭೂಮಿ ಒಡೆಯೋಕೆ ಬಂದೈತಾ?’

ತೆಂಗಿನವರ ಮನೆಯಲ್ಲಿ ತೆಂಗಿನಕಾಯಿಯ ಉದಾಹರಣೆ ಕೊಡಬಾರದು ಎಂದು ಬಿ.ಎಡ್.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ವಾರ ರೊಟ್ಟಿ ಹೆಂಚಿನ ಮೇಲೆ ಎರಡು ರೊಟ್ಟಿಗಳನ್ನು ಒಂದಕ್ಕೊಂದು ತಳ್ಳಿ ತೋರಿಸಲು ಹೋಗಿ ಅವ್ವನ ಕೈಯಲ್ಲಿ ಬೈಸಿಕೊಂಡೆ. ರೊಟ್ಟಿ ಸೀದುಹೋಯಿತು, ಅಪ್ಪ ಜರುಗಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಒಂದು ಮಾತು. ಒಂದು ದಿನ ಸಾಕಾಗಿ, ‘ನಮ್ಮ ದೇಶದ ಹಲಗೆ ತೆಂಕಲಿಂದ ಹೊರಟು, ಬಡಗಲ ಹಲಗೇನ ಒತ್ಕೊಂಡು ಒತ್ಕೊಂಡು ಹೋಗ್ತಾ ಐತೆ ಕಣಪ್ಪ’ ಎಂದುಬಿಟ್ಟೆ. ಅಪ್ಪ ತಟ್ಟನೆ ತಲೆ ಎತ್ತಿದ.

‘ಒತ್ತುವರಿಯಾ?’

ಸಾಲು ಸಾಲಾಗಿ ಉಳುತ್ತಾ ಪಕ್ಕದವರ ನೆಲಕ್ಕೆ ಸರಿಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ತಾಲ್ಲೂಕು ಕಚೇರಿಯ ಅರ್ಧ ಜನ ಆ ಒಂದು ಪದದ ಮೇಲೆ ಬದುಕಿದ್ದಾರೆ. ಹೌದು, ಒತ್ತುವರಿ ಎಂದೆ.

‘ಆ ಕಡೆಯೋರು ಸುಮ್ಕಿದ್ರಾ?’

‘ಎಲ್ಲಿಗೆ ಹೋಗ್ತಾರೆ? ಒತ್ತಿದ ಜಾಗದಲ್ಲಿ ನೆಲ ಮೇಲಕ್ಕೆ ಎದ್ದಿತು. ಅದೇ ಹಿಮಾಲಯ.’

‘ಅಂಗನ್ನು ಮತ್ತೆ! ಆ ಕಡೀಕೆ ಉತ್ತೂ ಉತ್ತೂ ಮಣ್ಣು ಎದ್ದು ಬದು ಆಗ್ತದೆ. ಹಿಮಾಲಯ ಅಂದ್ರೆ ಬದು ಅನ್ನು. ಈಗ್ಲೂ ಒತ್ತುತಾ ಐತಾ?’

‘ಈಗ್ಲೂ. ಉಗುರು ಬೆಳೆಯೋ ಹಂಗೆ, ವರ್ಷಕ್ಕೆ ಎರಡು ಮೂರು ಬೆರಳು.’

‘ಅಷ್ಟೇ ಒತ್ತಬೇಕು’ ಎಂದ ಅಪ್ಪ. ‘ಜಾಸ್ತಿ ಒತ್ತಿದ್ರೆ ಗೊತ್ತಾಗ್ತದೆ.’

ನನಗೆ ಚಿನ್ನದ ಪದಕ ಬಂದಷ್ಟು ಸಂತೋಷವಾಯಿತು. ಕೊನೆಯ ಮಾತಿನಲ್ಲಿದ್ದ ಅನುಭವ ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಅದು ಬಿದ್ದದ್ದು ಪಕ್ಕದ ತೋಟದ ರುದ್ರಪ್ಪ ಅಳತೆಗೆ ಅರ್ಜಿ ಹಾಕಿದಾಗ. ಸರ್ವೇಯರು ನಕ್ಷೆ ಬಿಡಿಸಿಕೊಂಡು, ಸರಪಳಿ ಎಳೆಸಿ, ಪೊದೆಯೊಳಗೆ ಹೂತುಹೋಗಿದ್ದ ಗಡಿಯ ಬಾಂದುಕಲ್ಲನ್ನು ಅಗೆಸಿ ತೆಗೆದರು. ಕಲ್ಲು ಒಂದು ಕಡೆ, ನಮ್ಮ ಬದು ಒಂದು ಕಡೆ. ನಡುವೆ ಒಂದು ಮಾರು ನೆಲ, ಎಲ್ಲ ರುದ್ರಪ್ಪನದು. ನೆಲ ಹೋದರೆ ಹೋಗಲಿ, ಆ ಒಂದು ಮಾರಿನೊಳಗೆ ಅಪ್ಪನ ಬಿತ್ತನೆ ಮರ ನಿಂತಿತ್ತು. ಅದರ ಕಾಯಿಂದ ಎದ್ದ ಸಸಿಗಳು ಸುತ್ತಲ ಹಳ್ಳಿಗಳಲ್ಲೆಲ್ಲ ಇವೆ. ಬಿತ್ತನೆಗೆ ಕಾಯಿ ಕೇಳಿಕೊಂಡು ಜನ ನಮ್ಮ ಜಗಲಿಗೆ ಬಂದಾಗ ಅಪ್ಪ ಕೂರುವ ಠೀವಿಯೇ ಬೇರೆ. ಇನ್ನು ಮೇಲೆ ಅವರೆಲ್ಲ ರುದ್ರಪ್ಪನ ಜಗಲಿಗೆ ಹೋಗುತ್ತಾರೆ.

ಅಪ್ಪ ಮರವನ್ನೊಮ್ಮೆ ನೋಡಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

‘ಸಾಹೇಬ್ರೇ, ನಾನೇನೂ ಒತ್ತಿಲ್ಲ. ಭೂಮೀನೇ ಜರುಗೈತೆ. ವರ್ಷಕ್ಕೆ ಎರಡು ಮೂರು ಬೆರಳು. ನಮ್ಮ ಹುಡುಗ ಅದನ್ನೇ ಓದವ್ನೆ, ಬಿ.ಎಸ್ಸಿ. ಕೇಳಿ ಬೇಕಾದ್ರೆ.’

ಎಷ್ಟು ವರ್ಷ ಕಾದಿದ್ದೆ ನಾನು ಈ ಮಾತಿಗೆ! ನಾಲ್ಕು ಜನರ ಮುಂದೆ ನಮ್ಮಪ್ಪ ನನ್ನ ಓದನ್ನು ಎತ್ತಿ ಹಿಡಿದಿದ್ದ. ಸರ್ವೇಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ರುದ್ರಪ್ಪ ನಕ್ಕ. ‘ಹೇಳಿ ಮೇಷ್ಟ್ರೇ. ಜರುಗೋ ಭೂಮಿ ಇವರ ತೋಟಕ್ಕೆ ಮಾತ್ರ ಬತ್ತದೋ, ನನ್ನ ತೋಟಕ್ಕೂ ಬತ್ತದೋ?’

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಪ್ಪ ಮೂವತ್ತು ವರ್ಷದಿಂದ ಉಳುತ್ತಿದ್ದಾನೆ, ವರ್ಷಕ್ಕೆ ಮೂರು ಬೆರಳು, ಸರಿಸುಮಾರು ಒಂದು ಮಾರು. ಒಂದು ಖಂಡವನ್ನು ಜರುಗಿಸಲು ಭೂಗರ್ಭದ ಬೆಂಕಿಯೇ ಬೇಕಾಯಿತು. ಅದೇ ವೇಗವನ್ನು ನಮ್ಮಪ್ಪ ಎರಡು ಎತ್ತುಗಳಲ್ಲಿ ಸಾಧಿಸಿದ್ದ. ಹೂಂ ಎಂದುಬಿಡಬಹುದಿತ್ತು. ಆದರೆ ಆ ಓದಿಗಾಗಿ ನಾನು ಉಪವಾಸ ಬಿದ್ದಿದ್ದೇನೆ. ಅದರಲ್ಲಿ ಸುಳ್ಳು ಸೇರಿಸಲು ನಾಲಿಗೆ ಏಳಲಿಲ್ಲ.

‘ಜರುಗೋದು ನಿಜ ಸಾರ್’ ಎಂದೆ. ‘ಆದ್ರೆ ಇಬ್ರೂ ಒಂದೇ ಹಲಗೆ ಮೇಲೆ ಇದಾರೆ. ತೋಟ, ಕಲ್ಲು, ಬದು, ಮರ ಎಲ್ಲಾ ಒಟ್ಟಿಗೇ ಹೋಗ್ತವೆ. ಬದು ಒಂದೇ ಜರುಗಬೇಕಾದ್ರೆ…’

‘ಸಾಕು ನಿಲ್ಸ್ಲಾ’ ಎಂದ ಅಪ್ಪ.

ಸರ್ವೇಯರು ಹೊಸ ಕಲ್ಲು ನೆಡಿಸಿದರು. ಮರ ರುದ್ರಪ್ಪನ ಪಾಲಾಯಿತು. ಮನೆಗೆ ಬಂದ ಅಪ್ಪ ಹಟ್ಟಿ ಬಾಗಿಲಲ್ಲಿ ನಿಂತು, ‘ನಿಂಗೆ ಲಾಯರ್ ಓದಿಸ್ಬೇಕಿತ್ತು’ ಎಂದ. ಆಮೇಲೆ ಎಂಟು ದಿನ ಅವ್ವನ ಮೂಲಕವೇ ಮಾತು: ‘ನಿನ್ನ ಮಗನಿಗೆ ಹೇಳು, ಅವನ ಹಲಗೆ ಮೇಲಿಂದ ಎದ್ದು ಎಮ್ಮೆಗೆ ನೀರು ತೋರಿಸ್ಲಿ.’

ಒಂಬತ್ತನೆಯ ದಿನ ರುದ್ರಪ್ಪ ಬಂದ. ಕೈಯಲ್ಲಿ ಅದೇ ಮರದ ಎರಡು ಕಾಯಿ, ಯಾವಾಗಲೋ ಬುಡದಲ್ಲಿ ಬಿದ್ದು ಮೊಳಕೆ ಬಂದಂಥವು. ‘ಮರ ನಂದಿರಬೌದು, ಸಾಕಿದ್ದು ನೀನಲ್ವಾ, ಇಟ್ಕೊಳಣ್ಣ’ ಎಂದ. ಅಪ್ಪ ಮುಟ್ಟಲಿಲ್ಲ. ‘ಮೇಷ್ಟ್ರಿಗೆ ಕೊಡು. ಅವನೇ ನೆಡ್ಲಿ’ ಎಂದ.

ನೆಟ್ಟೇ ತೋರಿಸುತ್ತೇನೆಂದು ಅವತ್ತೇ ಹಾರೆ ಗುದ್ದಲಿ ಹೊತ್ತು ತೋಟಕ್ಕೆ ಹೋದೆ. ಕೈಬಿಟ್ಟು ಹೋದ ಮರಕ್ಕೆ ಆದಷ್ಟು ಹತ್ತಿರದಲ್ಲೇ ಸಸಿ ಎದ್ದರೆ ಅಪ್ಪನಿಗೆ ಸಮಾಧಾನವಾದೀತು ಎಂದು ಹೊಸ ಬಾಂದುಕಲ್ಲಿನ ಮಗ್ಗುಲಲ್ಲೇ ಮಣ್ಣು ಮೆದುವಾಗಿದ್ದ ಕಡೆ ಅಗೆದೆ. ಮಣ್ಣು ಮೆದುವಾಗಿದ್ದ ಕಡೆಗೇ ಕೈಯೂ ಹೋಗುತ್ತದೆ. ಸೊಂಟದುದ್ದ ಗುಂಡಿ ಮುಗಿಸಿ, ಬೆವರು ಒರೆಸಿಕೊಂಡು ತಲೆ ಎತ್ತಿದರೆ ಅಪ್ಪ ಬದುವಿನ ಮೇಲೆ ನಿಂತಿದ್ದ. ಗುಂಡಿಯನ್ನು ನೋಡಿದ, ಕಲ್ಲನ್ನು ನೋಡಿದ. ಆಗ ನಾನೂ ನೋಡಿದೆ. ನನ್ನ ಗುಂಡಿ ಕಲ್ಲಿಗಿಂತ ಒಂದು ಗೇಣು ಆಚೆಗೆ, ರುದ್ರಪ್ಪನ ನೆಲದಲ್ಲಿತ್ತು.

‘ಈಗ ಹೇಳ್ಲಾ’ ಎಂದ ಅಪ್ಪ, ಎಂಟು ದಿನದಲ್ಲಿ ಮೊದಲ ಬಾರಿಗೆ ನಗುತ್ತಾ. ‘ಏನು ಜರುಗ್ತು?’